ಮುಟ್ಟದೆ ತೆಗೆದ ಅಳತೆ

ಮಾನ್ಯ ಅಧ್ಯಕ್ಷರೇ, ದರ್ಜಿಗಳ ಸಂಘದ ಹಿರಿಯರೇ, ಸೂಜಿ ಹಿಡಿವ ಕೈಗೆ ಒಂದು ಸಂಜೆ ಬಿಡುವು ಕೊಟ್ಟು ಬಂದಿರುವ ಸಭಿಕರೇ,

ಸನ್ಮಾನಿತರ ಮಗಳು ಎರಡು ಮಾತಾಡಲಿ ಎಂದಿರಿ. ಆದರೆ ಸನ್ಮಾನಿತರೇ ವೇದಿಕೆಯ ಮೇಲಿಲ್ಲ. ಆ ಕುರ್ಚಿ ಯಾಕೆ ಖಾಲಿ? ಉತ್ತರ ಕೊಡಬೇಕಾದವಳೂ ನಾನೇ.

ನಮ್ಮಪ್ಪ ಅರಮನೆಯ ಹಿರಿಯ ಮಗ. ದರ್ಜಿ ದೊರೆಮಕ್ಕಳ ಮೈ ಮುಟ್ಟುವಂತಿಲ್ಲ, ಹತ್ತು ಹೆಜ್ಜೆ ದೂರ ನಿಂತು ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು ಎಂಬುದು ಅಲ್ಲಿನ ಪದ್ಧತಿ. ಹಾಗಾಗಿ ಅಲ್ಲಿನ ಗೋಡೆಯ ಚಿತ್ರಗಳಲ್ಲಿ ನಮ್ಮ ಪೂರ್ವಜರೆಲ್ಲರ ಕೋಟೂ ಭುಜದಲ್ಲಿ ಜೋತುಬಿದ್ದಿದೆ! ಒಮ್ಮೆ ದರ್ಜಿಯ ಜೊತೆ ಅವರ ಮಗಳೂ ಹೋದಳು. ಅವಳೇ ನಮ್ಮಮ್ಮ. ಸ್ವಲ್ಪ ಹೊತ್ತು ನೋಡಿ, ಟೇಪು ಹಿಡಿದು ನೇರ ಅಪ್ಪನ ಹತ್ತಿರ ನಡೆದಳು.

"ಮುಟ್ಟದೆ ಅಳೆದ್ರೆ ಗೋಣಿಚೀಲ ಆಗುತ್ತೆ, ಕೋಟಾಗಲ್ಲ. ಕೈ ಎತ್ತಿ."

ಅಪ್ಪ ಎತ್ತಿದರು. "ಅವತ್ತು ಎತ್ತಿದ ಕೈ ನಿಮ್ಮಪ್ಪ ಇನ್ನೂ ಇಳಿಸಿಲ್ಲ" ಎಂದು ಅಮ್ಮ ಈಗಲೂ ಛೇಡಿಸುತ್ತಾಳೆ.

ಆ ವರ್ಷವೇ ಅಪ್ಪ ಆಸ್ತಿ, ಪಟ್ಟ ಎರಡನ್ನೂ ತಮ್ಮನಿಗೆ ಬರೆದುಕೊಟ್ಟು ಅಮ್ಮನನ್ನು ಮದುವೆಯಾದರು. ಆ ದರ್ಜಿ ತಾತನ ಅಂಗಡಿಯ ಮೂಲೆಯಲ್ಲಿ, ಸ್ಟೂಲಿನ ಮೇಲೆ ಕುಳಿತು ಗುಂಡಿ ತೂರುವ ಕಾಜಾ ಹೊಲಿಯಲು ಕಲಿತರು. "ಅಳಿಯಂದಿರೇ, ಇದು ಕಾಜಾನೋ ಕಿಟಕಿನೋ?" ಎಂದು ತಾತ ಮೊದಲ ತಿಂಗಳೆಲ್ಲ ಬಿಚ್ಚಿಸಿದ್ದೇ ಬಿಚ್ಚಿಸಿದ್ದಂತೆ. ಅದಕ್ಕೀಗ ನಲವತ್ತೆಂಟು ವರ್ಷ. ಇಲ್ಲಿ ಕುಳಿತವರ ಎಷ್ಟು ಗುಂಡಿಗಳು ಅಪ್ಪನ ಕಾಜಾದಲ್ಲಿ ನಿಂತಿಲ್ಲ, ಹೇಳಿ?

ಮತ್ತೆ ನಾನು? ಇಂಗ್ಲಿಷ್ ಶಾಲೆಯ ಗೆಳತಿಯರಿಗೆ ಅರಮನೆಯ ಕಥೆ ಹೇಳಿದೆ. ಅಂಗಡಿಯ ದಾರಿ ತೋರಿಸಲಿಲ್ಲ. ಆ ಚಟ ಹೋಗಿದೆ ಅಂದುಕೊಂಡಿದ್ದೆ. ಆದರೆ ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯಲ್ಲಿ 'ರಾಜವಂಶದ ಕುಡಿ' ಎಂದು ಅಚ್ಚು ಹಾಕಿಸಿದವಳು ನಾನು. ಸಂಘದವರಲ್ಲ, ನಾನು. ಅಪ್ಪ ಈಗಷ್ಟೇ ಈ ಸಭಾಂಗಣದ ಬಾಗಿಲಲ್ಲಿ ನಿಂತು ಅದನ್ನು ಓದಿದರು.

"ನಾನು ಬಿಟ್ಟು ಬಂದಿದ್ದನ್ನ ನೀನ್ಯಾಕಮ್ಮ ಹೊತ್ಕೊಂಡು ಬಂದೆ? ಆ ಕುಡಿ ಯಾರೋ, ಅವರನ್ನೇ ಮೇಲೆ ಕರ್ಕೊಳ್ಳಿ."

ಹಾಗೆಂದವರು ಕೊನೆಯ ಸಾಲಿನಲ್ಲಿ ಅಮ್ಮನ ಪಕ್ಕ ಕುಳಿತುಬಿಟ್ಟರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅವರನ್ನು ಹತ್ತು ಹೆಜ್ಜೆ ದೂರದಿಂದಲೇ ಅಳೆದೆನೇ? ಇರಬೇಕು.

ಅಧ್ಯಕ್ಷರ ಅಪ್ಪಣೆ ಪಡೆದು ನನ್ನ ಕೈಯಲ್ಲಿರುವ ಪತ್ರಿಕೆಯಲ್ಲಿ 'ರಾಜವಂಶದ ಕುಡಿ' ಎಂಬುದನ್ನು ಹೊಡೆದುಹಾಕಿದ್ದೇನೆ. ಈಗ ಹೆಮ್ಮೆಯಿಂದ, ಸರಿಯಾಗಿ ಕರೆಯುತ್ತೇನೆ. ಇಂದಿನ ಸನ್ಮಾನಿತರು, ಕಾಜಾ ಕೆಲಸದವರು, ನನ್ನಪ್ಪ. ಎಲ್ಲಿದ್ದೀರಿ?

ನೋಡಿ, ಹಿಂದಿನ ಸಾಲಿನಲ್ಲಿ ಕೈ ಎತ್ತಿದ್ದಾರೆ. ಅಮ್ಮ ನಗುತ್ತಿದ್ದಾಳೆ.

ದಯವಿಟ್ಟು ಸ್ವಲ್ಪ ದಾರಿ ಬಿಡಿ. ತಾಳ್ಮೆಯಿಂದ ಕೇಳಿದಿರಿ, ನಿಮಗೆ ಋಣಿ. ನಮಸ್ಕಾರ.