ತಂಬಾಕದ ವಖಾರಿ ಮ್ಯಾಲಿನ ಚಿತ್ರದ ಸಾಲಿ

...ಅಲ್ಲ ಬೇ ತಂಗಿ, ಅದು ಮೊದಲಿಂದ ಮೊಬೈಲ್ ಅಂಗಡಿ ಅಲ್ಲ. ಮೊನ್ನಿ ನಿಪ್ಪಾಣಿಗೆ ಹೋದಾಗ ನಿಮ್ಮಪ್ಪ ಚಾರ್ಜರ್ ತಗೊಂಡ್ನಲ್ಲ, ಅದ ಕಟ್ಟಡದ ಮಾಳಿಗಿ ಮ್ಯಾಲ ನಾ ಚಿತ್ರಾ ಬರಿಯೂದು ಕಲ್ತಿದ್ದು. 'ಕಲಾ ಮಹಾವಿದ್ಯಾಲಯ' ಅಂತ ಇಷ್ಟುದ್ದ ಬೋರ್ಡ್ ಇತ್ತ. ಬೋರ್ಡ್ ದೊಡ್ಡದು, ವಿದ್ಯಾಲಯ ಸಣ್ಣದು. ಒಂದ ಖೋಲಿ. ಏಳ ಮಂದಿ ಹುಡುಗ್ರು, ನಾ ಒಬ್ಬಾಕಿ ಹುಡುಗಿ. ಅಲ್ಲಲ್ಲ, ಮೊದಲ ಎಂಟ ಮಂದಿ ಇದ್ರು, ಒಬ್ಬಾಂವ ಸೀನು ತಡೀಲಾರದ ಬಿಟ್ಟ ಹೋದ. ಸೀನು ಯಾಕಂದ್ರ, ಕೆಳಗ ತಂಬಾಕದ ವಖಾರಿ, ಅಂದ್ರ ಗೋದಾಮು, ಇತ್ತ. ಹೆಣ್ಮಕ್ಕಳು ತಂಬಾಕ ಬಡದು ಜರಡಿ ಹಿಡಿಯಾಕತ್ರಂದ್ರ ಆ ಧೂಳು ಹಲಗಿ ಸಂದ್ಯಾಗಿಂದ ಏರಿ ಸೀದಾ ನಮ್ಮ ಮೂಗಿಗೆ. ನಾ ಮಾವಿನಹಣ್ಣ ಬರಿಯಾಕತ್ತಿರ್ತಿದ್ನಿ, 'ಅಕ್ಷೀ' ಅಂದ್ರ ಅದು ಬದನಿಕಾಯಿ ಆಗಿರ್ತಿತ್ತು. ನಮ್ಮ ಮಾಸ್ತರ್ ಕೊಲ್ಹಾಪುರ ಕಡೇವ್ರು, ಭಾಳ ಛಲೋ ಮನಷ್ಯಾ, ಅರ್ಧಾ ಮರಾಠಿ ಅರ್ಧಾ ಕನ್ನಡ. 'ಅಗ ಪೋರಿ, ರೇಘ ಸರಳ ಕಾಢ! ಗೆರಿ ನೆಟ್ಟಗ ಇರಬೇಕು!' ಅಂತ ಒದರತಿದ್ರು, ಒದರಿ ಮುಗಿಸೂದ್ರಾಗ ತಾವ ಸೀನತಿದ್ರು.

ನಮ್ಮ ಮನ್ಯಾಗ ಆಗ ಹೆಂಗಿತ್ತಂದ್ರ, ಅಪ್ಪ ತೀರಿಕೊಂಡಿದ್ದ. ನಾ, ನಮ್ಮವ್ವ, ನಮ್ಮಜ್ಜಿ, ಆಕಿಗೆ ಆಯಿ ಅಂತಿದ್ವಿ, ಮೂರೂ ಮಂದಿ ಬೀಡಿ ಕಟ್ಟತಿದ್ವಿ. ಬೀಡಿ ಕಟ್ಟಿದ್ರ ರೊಟ್ಟಿ, ಇಲ್ಲಂದ್ರ ಇಲ್ಲ, ಹಂಗ. ನಾ ಚಿತ್ರದ ಸಾಲಿಗೆ ಹೊಂಟ್ರ ಅವ್ವ ಬಾಗಲಕ್ಕ ನಿಂತು 'ಹಾಳಿ ಮ್ಯಾಲ ರೊಟ್ಟಿ ಬರದ್ರ ಹೊಟ್ಟಿ ತುಂಬತೈತೇನ?' ಅಂತಿದ್ಲು. ಕಡೀಕ ಒಂದ ಮಾತ ಹೇಳಿದ್ಲು ನೋಡು, 'ಈ ವರ್ಷ ಪಾಸಾದ್ರ ಸೈ. ಇಲ್ಲಂದ್ರ ಅಲಖನೂರದ ಆ ಹುಡುಗಗ ಹೂಂ ಅಂತೀನಿ.' ಆ ಹುಡುಗನ್ನ ನಾ ಒಮ್ಮೆ ನೋಡಿದ್ನಿ, ಕುಂತಲ್ಲೇ ನಿದ್ದಿ ಮಾಡತಿದ್ದ. ಬರೇ ಪಾಸಾದ್ರೂ ಸಾಕಾಗತಿದ್ದಿಲ್ಲ, ಸಾಲಿಗೆ ಸರ್ಕಾರದ ಮಾನ್ಯತಾ ಬೇಕಾಗಿತ್ತು. ಅದಿಲ್ಲದ ನಮ್ಮ ಸರ್ಟಿಫಿಕೇಟ್ ಅಂದ್ರ ಮಸಾಲಿ ಕಟ್ಟೂ ಹಾಳಿ.

ಅದಕ್ಕ ಪರೀಕ್ಷಾ ದಿನಾನ ಬೆಳಗಾವಿಯಿಂದ ಒಬ್ರು ಸಾಹೇಬ್ರು ನೋಡಾಕ ಬರಾವ್ರಿದ್ರು. ಮಾಸ್ತರ್ ಮುಂಜಾನೆದ್ದು ವಖಾರಿಯವ್ರ ಕೈಕಾಲ ಹಿಡ್ಕೊಂಡು 'ಎರಡ ತಾಸ ತಂಬಾಕ ಬಡೀಬ್ಯಾಡ್ರಿ' ಅಂತ ಹೇಳಿ ಬಂದ್ರು. ನಮಗೂ ಹೇಳಿದ್ರು, 'ಸಾಹೇಬ್ರು ಏನ ವಾಸನಿ ಅಂತ ಕೇಳಿದ್ರ ಬಣ್ಣದ್ದು ಅನ್ರಿ. ತಂಬಾಕ ಅಂದೀರಿ, ಸಾಲಿ ಮುಚ್ಚತೈತಿ.' ಎಲ್ಲಾ ತಯಾರಾತು, ಆದ್ರ ಎದುರಿಗೆ ಕುಂಡ್ರೂ ಮುದುಕ, ಅವನ್ನ ನೋಡಿ ಚಿತ್ರಾ ಬರೀಬೇಕಾಗಿತ್ತಲ್ಲ, ಆಂವ ಬರಲೇ ಇಲ್ಲ! ನಾ ಓಡಿ ಹೋಗಿ ನಮ್ಮ ಆಯೀನ ಕರ್ಕೊಂಡ ಬಂದ್ನಿ. ಆಯಿ ಕುರ್ಚಿ ಮ್ಯಾಲ ಕುಂತ್ಲು, ಒಂದ ಸಲ ಸೆರಗ ಎಳೀತಾಳ, ಒಂದ ಸಲ ತಲಿ ಕೆರೀತಾಳ. ಮಾಸ್ತರ್, 'ಆಯಿ, ಅಲಗಾಡಬ್ಯಾಡ್ರಿ' ಅಂದ್ರು. 'ಅಲಗಾಡದಂಗ ಕುಂಡ್ರಾಕ ನಾ ಏನ ಹೆಣಾ ಆಗೇನೇನೋ ತಮ್ಮಾ?' ಅಂದ್ಲು. ಆಕಿಗೆ ಕೈ ಖಾಲಿ ಇದ್ರ ಆಗತಿದ್ದಿಲ್ಲ. ಬೀಡಿ ಕಟ್ಟೂ ಬುಟ್ಟಿ ತಂದು ತೊಡಿ ಮ್ಯಾಲ ಇಟ್ನಿ. ಇಟ್ಟಿದ್ದ ತಡ, ದೇವ್ರ ಮೂರ್ತಿ ಆಗಿ ಬಿಟ್ಲು ನೋಡು, ಬೆರಳ ಅಷ್ಟ ಆಡತಾವ.

ಸಾಹೇಬ್ರು ಬಂದ್ರು, ಬಿಳಿ ಅಂಗಿ, ಬಿಳಿ ಪ್ಯಾಂಟು. ಅರ್ಧಾ ತಾಸ ಛಲೋ ನಡೀತು. ಆಮ್ಯಾಲ ಕೆಳಗ ಮಾಲ ಒಯ್ಯೂ ಲಾರಿ ಬಂದು ನಿಂತ ಸಪ್ಪಳ ಆತು, ಹಿಂದಿಂದನ ದಬ್ ದಬ್ ಅಂತ ತಂಬಾಕ ಬಡಿಯಾಕ ಸುರು! ಮಾಸ್ತರ್ ಮಾರಿ ಸುಣ್ಣದಂಗ ಆತು. ಸಾಹೇಬ್ರು ಮೂಗ ಎತ್ತಿ, 'ಏನ್ರಿ ಇದು ಘಾಟು?' ಅಂದ್ರು. ಮುಂದ ಕುಂತಾಂವ, 'ಬಣ್ಣದ್ದ್ರಿ' ಅಂದ. 'ಯಾವ ಬಣ್ಣ?' ಆಂವ 'ಹಸರು' ಅಂದ, ಬಾಜೂದಾಂವ 'ಕೆಂಪು' ಅಂದ, ಒಬ್ಬ 'ಎಲ್ಲಾ ಬಣ್ಣದ್ದೂ ರಿ' ಅಂದ. ಆಗ ನಮ್ಮ ಆಯಿ, ಬೀಡಿ ಕಟ್ಟೂದ ಬಿಡಲಿಲ್ಲ ಮತ್ತ, ಕುಂತಲ್ಲಿಂದನ, 'ಏನ ಬಣ್ಣಾನೋ ಹುಚ್ಚ ಮುಂಡೇವ! ತಂಬಾಕ ಐತ್ರಿ ಸಾಹೇಬ್ರ. ನಿಪ್ಪಾಣಿಗೆ ಬಂದು ತಂಬಾಕ ಗೊತ್ತಾಗಲಿಲ್ಲಂದ್ರ ನೀವು ಯಾ ಊರಾವ್ರು?' ಅಂದ್ಲು. ಸಾಹೇಬ್ರು ಬಾಯಿ ತಗದ್ರು, ಬೈತಾರ ಅಂದ್ಕೊಂಡ್ವಿ, ಸೀನಿದ್ರು. ಒಂದಲ್ಲ ಎರಡಲ್ಲ. ಮೂರನೇದಕ್ಕ ಕೈ ಬಡದು ನೀಲಿ ಬಣ್ಣದ ಡಬ್ಬಿ ಸೀದಾ ಬಿಳಿ ಪ್ಯಾಂಟ್ ಮ್ಯಾಲ!

ಸಾಹೇಬ್ರು ಕಣ್ಣ ಒರಸ್ಕೋಂತ ನನ್ನ ಹಾಳಿ ಮುಂದ ಬಂದು ನಿಂತ್ರು. ನೋಡಿದ್ರು. ನೋಡಿದ್ರು. 'ಎರಡ ಕೈ ಅಷ್ಟ ಅದಾವಲ್ಲ, ಮಾರಿ ಎಲ್ಲಿ?' ಅಂದ್ರು. ಮಾಸ್ತರ್ ಹಿಂದಿನಿಂದ ಏನೋ ಕೈಸನ್ನಿ ಮಾಡಾಕತ್ತಿದ್ರು, ನನಗ ತಿಳೀಲಿಲ್ಲ. 'ಬರದಿದ್ನಿರಿ. ಸೀನಿದಾಗ ಮೂಗ ಕಿವಿ ಕಡೆ ಹೋತ್ರಿ. ಅಳಿಸಿ ಬಿಟ್ನಿ. ದಿನಾ ಬೀಡಿ ಕಟ್ಟೂ ಕೈ ಅಷ್ಟ ನನಗ ನೋಡದ ಬರಿಯಾಕ ಬರತಾವ್ರಿ' ಅಂದ್ನಿ. ಆ ಮನಷ್ಯಾ ನಕ್ಕ ನೋಡು! ಆಯಿ ಕೈ ನೋಡಿದ್ರು, ಹಾಳಿ ನೋಡಿದ್ರು, 'ಬೆರಳಿಗೆ ಬೀಡಿ ಎಲಿ ಕಲೆ ಸುದ್ದಾ ಹತ್ತೈತಿ' ಅಂತ ಮಾಸ್ತರಿಗೆ ತೋರಿಸಿದ್ರು. ನನ್ನ ಪಾಸ್ ಮಾಡಿದ್ರು. ಸಾಲಿಗೂ ಮಾನ್ಯತಾ ಕೊಟ್ರು, ಆದ್ರ ವಖಾರಿ ಬಿಟ್ಟು ಬ್ಯಾರೆ ಜಾಗಾ ಹುಡಕ್ರಿ ಅಂತ ಬರದ್ರು. ಮಾಸ್ತರ್ ಹುಡಕಿದ್ದು ಯಾ ಜಾಗಾ ಅಂತೀರಿ? ಎಣ್ಣಿ ಗಾಣದ ಮಾಳಿಗಿ! ಅಲ್ಲಿ ಹಾಳಿಗೆಲ್ಲಾ ಜಿಡ್ಡು. ಮಾಸ್ತರಿಗೆ ವಯಸ್ಸಾದ ಮ್ಯಾಲ ಅದೂ ಮುಚ್ಚಿತು. ನಾ ಆ ಸರ್ಟಿಫಿಕೇಟ್ ಹಿಡ್ಕೊಂಡು ರಾಯಬಾಗಕ್ಕ ಹೆಣ್ಮಕ್ಕಳ ಸಾಲಿಗೆ ಡ್ರಾಯಿಂಗ್ ಟೀಚರ್ ಆಗಿ ಹ್ವಾದ್ನಿ. ಮೊದಲನೇ ದಿನಾ ನಮ್ಮವ್ವ ಬಸ್ ಸ್ಟ್ಯಾಂಡಿನ್ಯಾಗ ಕಂಡಕ್ಟರಿಗೆ, 'ನಮ್ಮ ಟೀಚರ್ ಬಾಯಾರು ಕುಂತಾರ, ಬಸ್ ಸಾವಕಾಶ ಹೊಡೀಲಿ' ಅಂತ ಹೇಳಾಕತ್ತಿದ್ಲು, ನಾ ನಾಚಿ ಸಾಯಾಕತ್ತಿದ್ನಿ.

ಅಷ್ಟ. ಯಾರರ ಕೇಳಿದ್ರ ಇದ್ದದ್ದು ಇದ್ದಂಗ ಹೇಳಿ ಬಿಡ್ರಿ. ಒಂದ ಸುಳ್ಳ ಹೇಳಾಕ ಏಳ ಮಂದಿ ಬೇಕು, ಖರೇ ಹೇಳಾಕ ಒಬ್ಬಾಕಿ ಮುದುಕಿ ಸಾಕು. ಏಳ್ರಿ ಮಕ್ಕಳ, ಊಟಕ್ಕ ಕೈ ತೊಳಕೋ ಹೋಗ್ರಿ.