ದೋಣಿ ನಡುನೀರಲ್ಲಿತ್ತು

ನಲ್ಲಿ ಸಾಮಾನಿನ ಅಂಗಡಿಯ ಸಾಲಿನಲ್ಲಿ ತಮ್ಮ ಮುಂದಿದ್ದ ದಂಪತಿಗಳ ಕೈಯ ಫಿಲ್ಟರು ಕಾರು ತೊಳೆಯಲಿಕ್ಕೆಂದು ತಿಳಿದೊಡನೆ ನಿವೃತ್ತ ಮೇಷ್ಟರಿಗೆ ಮೈಯುರಿಯಿತು. ಮನುಷ್ಯರು ಗಡಸು ನೀರು ಕುಡಿಯುವಾಗ ಕಾರಿಗೆ ಸೋಸಿದ ನೀರೇ? ನಾಲ್ಕು ಮಾತು ಆಡಿಯೇ ತೀರಬೇಕೆಂದು ಅವರು ಗಂಟಲು ಸರಿಪಡಿಸಿಕೊಂಡರು.

"ಇದನ್ನ ಕೊಟ್ಟು ದೊಡ್ಡದು ತಗೊಳ್ಳೋಣ ಕಣೇ. ಪೈಪಲ್ಲಿ ನೀರು ಇರುವೆ ಸಾಲಿನ ಹಾಗೆ ಬರುತ್ತೆ," ಎನ್ನುತ್ತಿದ್ದ ಗಂಡ.

"ಜೋರಾಗಿ ಬಿಟ್ರೆ ನೀರಿನ ಸುಣ್ಣ ಫಿಲ್ಟರಲ್ಲಿ ನಿಲ್ಲಲ್ಲ, ಒಣಗಿದ ಮೇಲೆ ಬಿಳಿ ಕಲೆ ಕೂರುತ್ತೆ ಅಂದಿದ್ದು ನೀವೇ ಅಲ್ವೇನ್ರೀ?"

"ಅದಕ್ಕೇ ದೊಡ್ಡದು. ಒಂದು ಗಂಟೆ ಕೆಲಸ ಹತ್ತು ನಿಮಿಷಕ್ಕೆ ಮುಗಿಯುತ್ತೆ."

"ಮುಗಿದ ಮೇಲೆ?"

"ಒಳಗೆ ಹೋಗಿ ಪೇಪರ್ ಓದ್ತೀನಿ."

"ಅದೇ ಮತ್ತೆ! ಪೇಪರ್ ಹಿಡಿದ್ರೆ ನೀವು ಕಲ್ಲು ಕಂಬ."

"ಈಗೇನು ಮಹಾ ಮಾತಾಡ್ತೀನಿ?"

"ನೀವು ಪೈಪ್, ನಾನು ಬಟ್ಟೆ ಹಿಡ್ಕೊಂಡು ನಿಂತಾಗ ಬಾನೆಟ್ ಮೇಲೆ ಮೋಡ ಹೋಗ್ತಿರುತ್ತೆ. ಆಗ ಮಾತಾಡ್ತೀರಿ. ಹೋದ ಭಾನುವಾರ, ಚಿಕ್ಕವರಿದ್ದಾಗ ನಿಮ್ಮಮ್ಮನ ಜೊತೆ ದೋಣಿಯಲ್ಲಿ ಹೋದದ್ದು ಹೇಳಿದ್ರಿ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲನೇ ಸಲ."

"ಪೂರ್ತಿ ಹೇಳ್ಲಿಲ್ವಾ?"

"ಎಲ್ಲಿ? ದೋಣಿ ನಡುನೀರಲ್ಲಿತ್ತು, ಕಾರು ತೊಳೆದು ಮುಗೀತು."

ಆತ ಫಿಲ್ಟರನ್ನು ಮಗುವಿನಂತೆ ತೋಳಿಗೆ ಒರಗಿಸಿಕೊಂಡ.

"ಬದಲಾಯಿಸಿ ಕೊಡ್ಲಾ ಸಾರ್?" ಎಂದ ಅಂಗಡಿಯವ.

"ಬೇಡಪ್ಪ. ಪೈಪಿಗೊಂದು ವಾಷರ್ ಕೊಡು, ಸಾಕು."

ನೀರಿನ ವಿಷಯದಲ್ಲಿ ತಾವು ಹೇಳಬೇಕೆಂದಿದ್ದುದು ನ್ಯಾಯವೇ ಎಂದು ಮೇಷ್ಟರಿಗೆ ಈಗಲೂ ಅನ್ನಿಸುತ್ತಿತ್ತು. ಆದರೂ ಪಕ್ಕಕ್ಕೆ ಸರಿದು ಇಬ್ಬರಿಗೂ ದಾರಿ ಬಿಟ್ಟರು.

"ಆಮೇಲೆ ಅಮ್ಮ ಹುಟ್ಟನ್ನ ನನ್ನ ಕೈಗೆ ಕೊಟ್ಟಳು ಕಣೇ," ಎಂದ ಆತ, ಬಾಗಿಲು ದಾಟುತ್ತ.

"ಈಗ್ಲೇ ಬೇಡ್ರೀ. ಭಾನುವಾರ ಹೇಳಿ, ನೀರು ಸಣ್ಣಗೆ ಬಿಟ್ಕೊಂಡು."