ಆರ್ಚಾ ಹೊಗೆಯ ಮರೆಯಲ್ಲಿ

ಈ ಸಭೆಯ ಅಧ್ಯಕ್ಷರಾದ ಡಾಕ್ಟರ್ ಮೈರಂಬೆಕ್ ಅವರೇ, ನಾರಿನ್ ಪಟ್ಟಣದ ಹಿರಿಯರೇ, ಸಿಗರೇಟು ಬಿಡಲೆಂದು ಪ್ರತಿ ಗುರುವಾರ ಒಟ್ಟಿಗೆ ಕೂರುವ ನನ್ನ ಸಂಗಾತಿಗಳೇ, ಮೂರನೆಯ ಸಾಲಿನಲ್ಲಿರುವ ನಮ್ಮ ಅತ್ತೆಯವರೇ, ಎಲ್ಲ ಸಭಿಕರೇ,

ಇನ್ನು ಸ್ವಲ್ಪ ಹೊತ್ತಿಗೆ ನನಗೆ ಶಾಲು ಹೊದಿಸಲಿದ್ದಾರೆ. ಕಳೆದ ಮಾರ್ಚಿನ ನೌರೂಜ್ ಹಬ್ಬದಿಂದ ಈ ಹಬ್ಬದವರೆಗೆ, ಇಡೀ ವರ್ಷ ಸಿಗರೇಟು ಮುಟ್ಟದ ಮೊದಲ ಸದಸ್ಯೆ ಎಂದು. ಅದಕ್ಕೆ ಮೊದಲೇ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ಟೀಚರಿಗೆ ಮೈಕ್ ಕಂಡರೆ ತಡೆಯಲಾಗದು ಎಂದು ಡಾಕ್ಟರು ನಕ್ಕರು. ಕಾರಣ ಬೇರೆ ಇದೆ. ನನ್ನದು ಒಂದು ವರ್ಷವಲ್ಲ. ಇವತ್ತಿಗೆ ನಲವತ್ತೊಂದು ದಿನ.

ಏಳು ತಿಂಗಳು ನಿಜವಾಗಿಯೂ ಬಿಟ್ಟಿದ್ದೆ. ಅಕ್ಟೋಬರಿನಲ್ಲಿ, ಅಪ್ಪ ತೀರಿಕೊಂಡು ವರ್ಷ ತುಂಬಿದ ಊಟ. ಇನ್ನೂರು ಜನಕ್ಕೆ ಬೇಯಿಸುತ್ತಿದ್ದೆವು. ಕಡಾಯಿಗಳ ಹಿಂದೆ ಚಿಕ್ಕಪ್ಪನ ಮಗಳು ತುರ್ಸುನಾಯ್ ಪ್ಯಾಕೆಟ್ ಚಾಚಿದಳು.

"ಬೆಳಿಗ್ಗೆಯಿಂದ ಅತ್ತೂ ಇಲ್ಲ, ಕೂತೂ ಇಲ್ಲ ನೀನು. ಒಂದ್ ದಮ್ ಎಳಿ ಅಕ್ಕಾ, ಒಂದಕ್ಕೇನಾಗುತ್ತೆ?"

ಏನಾಗುತ್ತದೆ? ಮಾರನೆಯ ದಿನ ಎರಡಾಗುತ್ತದೆ.

ಸಂಜೆ ಕೊಟ್ಟಿಗೆಯ ಹಿಂದೆ ಸೇದುತ್ತಿದ್ದೆ. ನಮ್ಮಲ್ಲಿ ಸೊಸೆ ಸೇದುವುದೆಂದರೆ ನಿಮಗೆ ಗೊತ್ತೇ ಇದೆ. ಒಳಗೆ ಬಂದವಳೇ ಬೆಟ್ಟದ ಆರ್ಚಾ ಮರದ ಒಣ ರೆಂಬೆ ಹೊತ್ತಿಸಿ, ದೃಷ್ಟಿ ತೆಗೆಯುವವಳಂತೆ ಕೋಣೆ ಕೋಣೆಗೂ ಹೊಗೆ ತೋರಿಸುತ್ತಿದ್ದೆ. ಸಿಗರೇಟಿನ ವಾಸನೆ ಅಡಗುತ್ತದಲ್ಲ! ಬೇಸಿಗೆಯಲ್ಲಿ ಬೆಟ್ಟದಿಂದ ತಂದ ಕಟ್ಟು ಜನವರಿಗೇ ಮುಗಿದು, ಸಂತೆಯಿಂದ ಇನ್ನೊಂದು ಕಟ್ಟು ತಂದೆ.

"ಏನೇ, ನಮ್ಮನೇಲಿ ಅಷ್ಟೊಂದು ದೆವ್ವ ಸೇರ್ಕೊಂಡಿದಾವಾ?" ಎಂದರು ಅತ್ತೆ. ಆದರೆ ಬೀದಿಯಲ್ಲೆಲ್ಲ ನನ್ನ ಭಕ್ತಿಯನ್ನು ಹೊಗಳಿದರು. ಗುರುವಾರದ ಗುಂಪಿನಲ್ಲೂ ನಾನು ಪ್ರತಿ ವಾರ "ಮುಟ್ಟಿಲ್ಲ" ಎಂದೆ. ಯಾಕೆ ಹಾಗೆಂದೆ? ನಿಮಗೆ ಹೆದರಿಯೋ, ಆ ಏಳು ತಿಂಗಳು ಕೈಬಿಟ್ಟು ಹೋಗುವುದೆಂದೋ? ಇನ್ನೂ ಕೇಳಿಕೊಳ್ಳುತ್ತಿದ್ದೇನೆ.

ಫೆಬ್ರವರಿಯಲ್ಲಿ ಪಕ್ಕದ ಮನೆಯ ಝೂರಾ ನಲವತ್ತು ದಿನದ ಕೂಸನ್ನು ಎತ್ತಿಕೊಂಡು ಬಂದಳು. "ಮಗು ಬೆಚ್ಚಿಬೀಳ್ತಿದೆ ಅಕ್ಕಾ. ನಿಮ್ಮ ಕೈಯಿಂದಲೇ ಹೊಗೆ ಹಾಕಿ. ಒಳ್ಳೇ ಕೈ ಅಂತ ನಿಮ್ಮತ್ತೆ ಹೇಳಿದ್ರು."

ಹತ್ತು ನಿಮಿಷದ ಹಿಂದೆ ಸೇದಿದ ಕೈ ಅದು. ಕೂಸು ನನ್ನ ಬೆರಳು ಹಿಡಿದುಕೊಂಡಿತು. ನನ್ನಿಂದಾಗಲಿಲ್ಲ. ರೆಂಬೆಯನ್ನು ಅತ್ತೆಯ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಟ್ಟೆ. ಝೂರಾ ಹೋದ ಮೇಲೆ ಅತ್ತೆಗೆ ಎಲ್ಲ ಹೇಳಿದೆ.

"ನಂಗೆ ಮೂಗಿಲ್ಲ ಅನ್ಕೊಂಡಿದ್ಯಾ? ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ಮೊದ್ಲು ಚಾ ಕುಡಿ."

"ಏಳು ತಿಂಗಳು ಬಿಟ್ಟಿದ್ದೆ ಅತ್ತೆ. ಎಲ್ಲಾ ಹಾಳಾಯ್ತು."

"ಯಾಕೆ ಹಾಳಾಗುತ್ತೆ? ಆ ಏಳು ತಿಂಗಳು ನೀನೇ ತಾನೇ ಬಿಟ್ಟಿದ್ದು? ಬಿಡೋದು ಹೇಗೆ ಅಂತ ಗೊತ್ತಿರೋಳು ಈ ಮನೇಲಿ ನೀನೊಬ್ಳೇ."

ನನ್ನ ನಲವತ್ತೊಂದು ದಿನ ಶುರುವಾದದ್ದು ಅವತ್ತು. ಝೂರಾಳನ್ನು ಅವರೇ ಕಳಿಸಿದ್ದರೇ ಎಂಬ ಅನುಮಾನ ನನಗೆ ಈಗಲೂ ಇದೆ. ಅತ್ತೆ ನಗುತ್ತಿದ್ದಾರೆ, ನೋಡಿ.

ಆದ್ದರಿಂದ ಡಾಕ್ಟರೇ, ಇವತ್ತು ಶಾಲು ಬೇಡ. ಇನ್ನೊಂದು ಮಾತು ಮಾತ್ರ ಉಳಿದಿದೆ. ನಮ್ಮ ಗುಂಪಿನಲ್ಲಿದ್ದ, ಲಾರಿ ಓಡಿಸುವ ಎಸೆನ್ ಅಣ್ಣ ಡಿಸೆಂಬರಿನಲ್ಲಿ, "ಎರಡು ಸೇದಿಬಿಟ್ಟೆ" ಎಂದು ನಮ್ಮೆದುರು ಒಪ್ಪಿಕೊಂಡರು. ನಾವೆಲ್ಲ "ಅಯ್ಯೋ" ಎಂದೆವು. ಎಲ್ಲರಿಗಿಂತ ಜೋರಾಗಿ ಅಂದವಳು ನಾನು. ಆಗ ನನ್ನ ಕೋಟಿನ ಜೇಬಿನಲ್ಲಿ ಪ್ಯಾಕೆಟ್ ಇತ್ತು. ಅಂದಿನಿಂದ ಅವರು ಬಂದಿಲ್ಲ. ನಿಜ ಹೇಳಿದವರು ಮನೆಯಲ್ಲಿ ಉಳಿದರು, ಸುಳ್ಳು ಹೇಳಿದವಳು ವೇದಿಕೆಗೆ ಬಂದಳು. ಇದು ಸರಿಯೇ?

ಸಭೆ ಮುಗಿದೊಡನೆ ಅವರ ಮನೆಗೆ ಹೋಗುತ್ತಿದ್ದೇನೆ, ಕ್ಷಮೆ ಕೇಳಲು, ಮತ್ತೆ ಕರೆಯಲು. ಸೇತುವೆ ದಾಟಿದರೆ ಮೂರನೆಯ ಮನೆ. ಅವತ್ತು "ಅಯ್ಯೋ" ಎಂದವರು ಯಾರಾದರೂ ಜೊತೆಗೆ ಬಂದರೆ ನನಗೆ ಧೈರ್ಯ.

ಕುರ್ಚಿ ಸರಿಸುವ ಸದ್ದು ಕೇಳಿಸುತ್ತಿದೆ. ಒಬ್ಬರಲ್ಲ, ನಾಲ್ಕೈದು ಜನ ಎದ್ದಿದ್ದೀರಿ. ಇಷ್ಟು ಹೊತ್ತು ಕೇಳಿದಿರಿ, ಈಗ ಎದ್ದೂ ನಿಂತಿರಿ. ನಿಮ್ಮೆಲ್ಲರಿಗೂ ನನ್ನ ಕೃತಜ್ಞತೆ, ನಮಸ್ಕಾರ.